ಜನರ ದಾಖಲೆ ಗೆದ್ದಲಿನ ಪಾಲಾಗಬಾರದು

‘ಕೋರಿದ ಕಡತ ಲಭ್ಯವಿರುವುದಿಲ್ಲ.’ ಹಳೆಯ ದಾಖಲೆಯ ನಕಲಿಗಾಗಿ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಹಿಂಬರಹ ಹೊಸತಲ್ಲ. ಕೆಲವೊಮ್ಮೆ ‘ದಾಖಲೆ ಶಿಥಿಲವಾಗಿರುವುದರಿಂದ ನಕಲು ನೀಡಲು ಬರುವುದಿಲ್ಲ’ ಎಂದಿರುತ್ತದೆ. ಅರ್ಜಿದಾರ ಆ ಚೀಟಿಯನ್ನು ಮಡಚಿಟ್ಟುಕೊಂಡು ಊರಿಗೆ ಮರಳುತ್ತಾನೆ. ಅಷ್ಟರಲ್ಲಿ ಒಂದು ಕುಟುಂಬ ಮೂರು ತಲೆಮಾರು ಬಾಳಿ ಬದುಕಿದ್ದಕ್ಕೆ ಇದ್ದ ಲಿಖಿತ ಸಾಕ್ಷ್ಯ ಕೈತಪ್ಪಿರುತ್ತದೆ. ಇದನ್ನು ಗುಮಾಸ್ತರೊಬ್ಬರ ಅಜಾಗ್ರತೆಯೆಂದು ಬಿಟ್ಟುಬಿಡುವ ಹಂತವನ್ನು ಉತ್ತರ ಕನ್ನಡ ಜಿಲ್ಲೆ ದಾಟಿದೆ.

ಕಾರವಾರದ ಮಗ್ಗುಲಿನ ಶಿರವಾಡವನ್ನೇ ತೆಗೆದುಕೊಳ್ಳೋಣ. ಹೊರಗಿನವರಿಗೆ ಅದು ಕಾರವಾರದ ರೈಲು ನಿಲ್ದಾಣ ಇರುವ ಊರು. 1998ರ ಜನವರಿಯಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ ಮೇಲೆ ಈ ಹೆಸರು ದೇಶದ ಪ್ರಯಾಣಿಕರಿಗೆ ಪರಿಚಯವಾಯಿತು. ಆದರೆ ಹಳಿ ಬೀಳುವ ಮೊದಲು ಆ ನೆಲವನ್ನು ಉತ್ತವರು ಯಾರು, ಗೇಣಿ ಯಾರಿಗೆ ಸಲ್ಲುತ್ತಿತ್ತು, ಸೊಪ್ಪು ಸೌದೆಗೆ ಜನ ಯಾವ ಹಾಡಿಗೆ ಹೋಗುತ್ತಿದ್ದರು, ಯಾವ ಕೇರಿಯ ಮಕ್ಕಳು ಮೊದಲು ಶಾಲೆಗೆ ಬಂದರು, ಯಾವ ಕೇರಿಯವರು ಬರಲೇ ಇಲ್ಲ? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಗ್ರಂಥವಿಲ್ಲ. ಉತ್ತರ ಇರುವುದು ಸರ್ವೆ ಟಿಪ್ಪಣಿಯಲ್ಲಿ, ಆಕಾರಬಂದಿಯಲ್ಲಿ, ಭೂಸ್ವಾಧೀನದ ಐತೀರ್ಪುಗಳಲ್ಲಿ, ಜನನ ಮರಣದ ವಹಿಗಳಲ್ಲಿ, ಶಾಲೆಯ ಜನರಲ್ ರಿಜಿಸ್ಟರಿನಲ್ಲಿ.

ರಾಜರ ಚರಿತ್ರೆಗೆ ಶಾಸನಗಳಿವೆ, ಅವುಗಳನ್ನು ಓದಿ ಸಂಪುಟಗಳಾಗಿ ಮುದ್ರಿಸಿದ ವಿದ್ವತ್ ಪರಂಪರೆಯಿದೆ. ಗೇಣಿದಾರನ, ಮೀನುಗಾರನ, ಕೂಲಿಯಾಳಿನ, ವಿಧವೆಯ ಚರಿತ್ರೆಯನ್ನು ಯಾರೂ ಕಲ್ಲಿನ ಮೇಲೆ ಬರೆಸಲಿಲ್ಲ. ಅವರು ಕಾಗದದ ಮೇಲೆ ಬಂದದ್ದು ಸರ್ಕಾರ ಅವರಿಂದ ಏನನ್ನಾದರೂ ವಸೂಲು ಮಾಡಿದಾಗ, ಕಿತ್ತುಕೊಂಡಾಗ, ಅಪರೂಪಕ್ಕೆ ಕೊಟ್ಟಾಗ. ಆ ಕಾಗದವೂ ಹೋದರೆ ಅವರು ಇದ್ದರೆಂಬುದಕ್ಕೆ ಬರಹದ ಗುರುತು ಉಳಿಯುವುದಿಲ್ಲ.

ಈ ಜಿಲ್ಲೆಯ ದಾಖಲೆಗಳು ಚದುರಿಹೋದದ್ದಕ್ಕೆ ಐತಿಹಾಸಿಕ ಕಾರಣವೂ ಇದೆ. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದ್ರಾಸ್ ಆಡಳಿತಕ್ಕೆ ಒಳಪಟ್ಟಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. 1862ರಲ್ಲಿ ಉತ್ತರ ಕೆನರಾ ಮುಂಬೈ ಪ್ರಾಂತಕ್ಕೆ ಹೋಯಿತು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಹೀಗಾಗಿ ಶಿರವಾಡ, ಅಂಕೋಲೆ, ಸದಾಶಿವಗಡಗಳ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಪತ್ರಗಳು ಚೆನ್ನೈನ ಎಗ್ಮೋರಿನಲ್ಲಿವೆ, ಅನಂತರದವು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ಪತ್ರಾಗಾರದಲ್ಲಿವೆ. ಸೋದೆ ಅರಸರು ಗೋವೆಯ ಪೋರ್ಚುಗೀಸರೊಂದಿಗೆ ನಡೆಸಿದ ವ್ಯವಹಾರದ ಪತ್ರಗಳು ಪಣಜಿಯಲ್ಲಿವೆ. ರಾಜ್ಯ ಪತ್ರಾಗಾರ ಇಲಾಖೆ ಇರುವುದು ಬೆಂಗಳೂರಿನ ವಿಧಾನಸೌಧದಲ್ಲಿ. ಕಾರವಾರದಲ್ಲಿ ಅದರ ಶಾಖೆಯಿಲ್ಲ.

ದೂರ ಹೋಗಬಲ್ಲವರು ಹೋಗಿ ಬರೆದರು. ಗೋವೆಯ ಪತ್ರಾಗಾರದ ಆಧಾರದ ಮೇಲೆ ಬಿ. ಎಸ್. ಶಾಸ್ತ್ರಿಯವರು ಗೋವೆ–ಕೆನರಾ ಸಂಬಂಧದ ಇತಿಹಾಸವನ್ನು ಕಟ್ಟಿಕೊಟ್ಟರು. ಮಾರ್ಲೀನ್ ಬುಷಿ ಎಂಬ ವಿದೇಶಿ ವಿದ್ವಾಂಸೆ ವಸಾಹತು ಕಾಲದಲ್ಲಿ ನಮ್ಮ ಘಟ್ಟದ ಕಾಡು ಮತ್ತು ಅಡಿಕೆ ತೋಟಗಳ ನಡುವೆ ನಡೆದ ತಿಕ್ಕಾಟವನ್ನು ಕುರಿತು 1996ರಲ್ಲಿ ಪುಸ್ತಕ ಪ್ರಕಟಿಸಿದರು. ಇವರ ಶ್ರಮಕ್ಕೆ ಜಿಲ್ಲೆ ಋಣಿ. ಆದರೆ ಶಿರವಾಡದ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನ ನೂರು ವರ್ಷದ ಹಿಂದಿನ ಒಂದು ಪುಟ ನೋಡಬೇಕಾದರೂ ಮುಂಬೈಗೆ ಟಿಕೆಟ್ ತೆಗೆಸಬೇಕು ಎಂಬ ಸ್ಥಿತಿ ಒಪ್ಪತಕ್ಕದ್ದಲ್ಲ.

ಹೊರಗಿರುವ ದಾಖಲೆಗಳಾದರೂ ಸುರಕ್ಷಿತವಾಗಿವೆ. ಹೆಚ್ಚಿನ ಆತಂಕ ಇರುವುದು ಜಿಲ್ಲೆಯೊಳಗೇ ಉಳಿದವುಗಳ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ಈ ಕರಾವಳಿಯಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ. ಕಿಟಕಿ ತೆರೆಯದ ಕೋಣೆಯಲ್ಲಿ ನೆಲಕ್ಕೆ ತಾಗಿ ಪೇರಿಸಿಟ್ಟ ಬಟ್ಟೆಗಂಟಿಗೆ ಮೊದಲು ಬೂಷ್ಟು ಹಿಡಿಯುತ್ತದೆ, ಆಮೇಲೆ ಗೆದ್ದಲು ಏರುತ್ತದೆ. ಗೋಡೆಗೆ ಆನಿಸಿಟ್ಟ ಗಂಟಿನಲ್ಲಿ ಗೋಡೆಯ ಕಡೆಯ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಂತಾಗುತ್ತವೆ. ಬಿಡಿಸಲು ಹೋದರೆ ಅಕ್ಷರವೇ ಕಿತ್ತುಬರುತ್ತದೆ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈಯಲ್ಲಿ ಕಾಳಿ, ಗಂಗಾವಳಿ ನದಿಗಳು ಉಕ್ಕಿ ಹರಿದಾಗ ದಂಡೆಯ ಊರುಗಳ ಜನ ಮನೆಯ ಸಾಮಾನಿನೊಂದಿಗೆ ಕಾಗದಪತ್ರಗಳನ್ನೂ ಕಳೆದುಕೊಂಡರು. ಮನೆಯಲ್ಲಿದ್ದ ಪ್ರತಿ ಹೋದಮೇಲೆ ಕಚೇರಿಯಲ್ಲಿರುವ ಮೂಲವೊಂದೇ ಆಸರೆ.

ಇಲ್ಲಿ ಏನೇನು ಪಣಕ್ಕಿದೆ ಎಂಬುದನ್ನು ಓದುಗರ ಮುಂದೆ ಸ್ವಲ್ಪ ವಿವರವಾಗಿಯೇ ಇಡಬೇಕು.

1974ರ ಭೂಸುಧಾರಣಾ ತಿದ್ದುಪಡಿಯ ನಂತರ ಗೇಣಿದಾರರು ‘ಫಾರ್ಮ್ ನಂಬರ್ ಏಳು’ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗೇಣಿ ಪದ್ಧತಿ ಆಳವಾಗಿ ಬೇರೂರಿದ್ದ ನಮ್ಮ ಜಿಲ್ಲೆಯಲ್ಲಿ ಅದು ಸಮಾಜದ ಅಡಿಪಾಯವನ್ನೇ ಬದಲಿಸಿದ ಘಟನೆ. ಅಂಥ ಒಂದು ಕಡತವನ್ನು ಬಿಚ್ಚಿದರೆ ಏನೇನಿರುತ್ತದೆ? ಸರ್ವೆ ನಂಬರು, ಗುಂಟೆ ಲೆಕ್ಕ, ಕೈಯಿಂದ ಎಳೆದ ನಕ್ಷೆ. ಹಳದಿಗಟ್ಟಿದ ಗೇಣಿ ರಸೀದಿ, ಅದರಲ್ಲಿ ಇಷ್ಟು ಭತ್ತ, ಇಷ್ಟು ತೆಂಗಿನಕಾಯಿ ಎಂಬ ಬರಹ. ಒಡೆಯನ ತಕರಾರು ಅರ್ಜಿ. ಅಕ್ಕಪಕ್ಕದ ಗದ್ದೆಯವರ ಸಾಕ್ಷಿ. ಎಲ್ಲಕ್ಕಿಂತ ಮುಖ್ಯವಾಗಿ ಗೇಣಿದಾರರ ಹೇಳಿಕೆ: ಅಪ್ಪನ ಕಾಲದಿಂದ ಉಳುತ್ತ ಬಂದದ್ದು, ರಸೀದಿ ಕೇಳಿದರೆ ಕೊಡದೆ ಹೋದದ್ದು, ಗಂಡ ತೀರಿಕೊಂಡಮೇಲೆ ಗದ್ದೆ ಬಿಡು ಎಂದದ್ದು. ಕೊನೆಗೆ ಹೆಬ್ಬೆಟ್ಟಿನ ಗುರುತು.

ಸ್ವತಃ ಒಂದಕ್ಷರ ಬರೆಯದಿದ್ದವರ ಮಾತು ಲಿಖಿತವಾಗಿ ಉಳಿದಿರುವ ಅತಿದೊಡ್ಡ ಸಂಗ್ರಹಗಳಲ್ಲಿ ಈ ಕಡತಗಳೂ ಸೇರಿವೆ. ಫ್ರಾನ್ಸಿನ ಇತಿಹಾಸಕಾರ ಲ ರುವಾ ಲಾದ್ಯುರಿ 1975ರಲ್ಲಿ ‘ಮೊಂತಾಯೂ’ ಎಂಬ ಕೃತಿ ಬರೆದು ಜಗತ್ತಿನ ಗಮನ ಸೆಳೆದರು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬಿಷಪ್ ಒಬ್ಬರು ನಡೆಸಿದ ಧಾರ್ಮಿಕ ವಿಚಾರಣೆಯ ವಹಿಯೇ ಅದಕ್ಕೆ ಆಧಾರ. ಪಿರೆನೀಸ್ ಬೆಟ್ಟದ ಒಂದು ಸಣ್ಣ ಹಳ್ಳಿಯ ಕುರಿಗಾಹಿಗಳು, ಹೆಂಗಸರು ಆರುನೂರೈವತ್ತು ವರ್ಷಗಳ ಬಳಿಕ ಮತ್ತೆ ಮಾತಾಡಿದ್ದು ಯಾರೋ ಆ ವಹಿಯನ್ನು ಜೋಪಾನ ಮಾಡಿದ್ದರಿಂದ. ನಮ್ಮ ನ್ಯಾಯಮಂಡಳಿಯ ಕಡತಗಳಿಗೆ ಇನ್ನೂ ಐವತ್ತು ವರ್ಷ ಆಗುತ್ತಿದೆ ಅಷ್ಟೆ. ಅಷ್ಟರಲ್ಲೇ ‘ಲಭ್ಯವಿಲ್ಲ’ ಎಂಬ ಉತ್ತರ ಕೇಳಿಬರುವುದು ಲಜ್ಜೆಯ ಸಂಗತಿ.

ಶಾಲೆಯ ಜನರಲ್ ರಿಜಿಸ್ಟರನ್ನು ಜನ ನೆನೆಸಿಕೊಳ್ಳುವುದು ಜನ್ಮದಿನಾಂಕ ಇಲ್ಲವೆ ಜಾತಿ ಪ್ರಮಾಣಪತ್ರ ಬೇಕಾದಾಗ. ಅದರ ಕಾಲಮುಗಳನ್ನು ಸಾವಧಾನವಾಗಿ ಓದಿದರೆ ಊರೇ ಕಾಣುತ್ತದೆ. ಹುಡುಗಿಯರ ಹೆಸರು ಯಾವ ವರ್ಷದಿಂದ ಬರತೊಡಗಿತು, ಎಷ್ಟನೆಯ ಇಯತ್ತೆಗೆ ನಿಂತುಹೋಯಿತು. ಶಾಲೆ ಬಿಟ್ಟ ಕಾರಣದ ಕಾಲಮಿನಲ್ಲಿ ಗುರುಗಳು ಏನು ಬರೆದರು. ಒಂದೇ ಸಮುದಾಯದ ಹೆಸರು ದಶಕದಿಂದ ದಶಕಕ್ಕೆ ಹೇಗೆ ಬೇರೆ ಬೇರೆಯಾಗಿ ದಾಖಲಾಯಿತು. ಹಾಲಕ್ಕಿ ಒಕ್ಕಲಿಗರು ಪರಿಶಿಷ್ಟ ಪಂಗಡದ ಸ್ಥಾನಕ್ಕಾಗಿ ದಶಕಗಳಿಂದ ಬೇಡಿಕೆ ಇಟ್ಟಿದ್ದಾರೆ. ಅಂಥ ಬೇಡಿಕೆಯ ಪರಿಶೀಲನೆಗೆ ಈ ವಹಿಗಳಿಗಿಂತ ಪ್ರಾಥಮಿಕ ಸಾಮಗ್ರಿ ಯಾವುದಿದೆ? ಈಗ ಮಕ್ಕಳಿಲ್ಲದೆ ಶಾಲೆಗಳು ಮುಚ್ಚುತ್ತಿವೆ, ವಿಲೀನವಾಗುತ್ತಿವೆ. ಬಾಗಿಲು ಹಾಕಿದ ಶಾಲೆಯ ವಹಿ ಎಲ್ಲಿಗೆ ಹೋಯಿತು, ಅದನ್ನು ಪಡೆದುಕೊಂಡು ಸಹಿ ಹಾಕಿದವರು ಯಾರು ಎಂಬುದಕ್ಕೆ ಶಿಕ್ಷಣ ಇಲಾಖೆ ತಾಲ್ಲೂಕುವಾರು ಉತ್ತರ ಕೊಡಬೇಕು.

ದಾಖಲೆಯ ಕೊರತೆ ಮನುಷ್ಯರನ್ನು ನೇರವಾಗಿ ಹೊಡೆಯುವ ಜಾಗ ಅರಣ್ಯ ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಲೆಕ್ಕ ಹೋಗಿ ನಿಲ್ಲುವುದು 1930ಕ್ಕೆ. ನಮ್ಮ ಜಿಲ್ಲೆಯೊಂದರಿಂದಲೇ 80 ಸಾವಿರಕ್ಕೂ ಹೆಚ್ಚು ಅರ್ಜಿಗಳು ಸಲ್ಲಿಕೆಯಾದವು. ಅವುಗಳಲ್ಲಿ ಬಹುಪಾಲು ತಿರಸ್ಕೃತವಾದವು. ಹಳೆಯ ಸಾಕ್ಷ್ಯವಿಲ್ಲ ಎಂಬುದೇ ಅದಕ್ಕೆ ದೊಡ್ಡ ಕಾರಣ. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನು ತೆರವುಗೊಳಿಸುವಂತೆ ಹೇಳಿ, ಅದೇ ತಿಂಗಳ ಕೊನೆಗೆ ಆ ಆದೇಶವನ್ನು ತಡೆಹಿಡಿಯಿತು. ಆ ಹದಿನೈದು ದಿನ ಮಲೆನಾಡು, ಕರಾವಳಿಯ ಮನೆಗಳಲ್ಲಿದ್ದ ಭೀತಿಯನ್ನು ಜನ ಮರೆತಿಲ್ಲ.

ಇದೇ ಕಾಯ್ದೆಯ ನಿಯಮಗಳು ಯಾವ ಸಾಕ್ಷ್ಯ ಸಲ್ಲುತ್ತದೆ ಎಂಬುದನ್ನು ಸ್ಪಷ್ಟವಾಗಿ ಹೇಳುತ್ತವೆ. ಗೆಜೆಟಿಯರ್, ಜನಗಣತಿ, ಸರ್ವೆ ಮತ್ತು ಸೆಟ್ಲ್‌ಮೆಂಟ್ ವರದಿ, ನಕ್ಷೆ, ಅರಣ್ಯ ಇಲಾಖೆಯ ಕಾರ್ಯಯೋಜನೆ, ವಿಚಾರಣಾ ವರದಿ ಎಲ್ಲವೂ ಸಲ್ಲುತ್ತವೆ. ಹಿರಿಯರ ಹೇಳಿಕೆಗೂ ಸ್ಥಾನವಿದೆ. 1883ರಲ್ಲಿ ಮುಂಬೈ ಸರ್ಕಾರ ಪ್ರಕಟಿಸಿದ ಕೆನರಾ ಗೆಜೆಟಿಯರ್ ಇಲ್ಲಿನ ಸಮುದಾಯಗಳ ವೃತ್ತಿ, ವಾಸ, ಬೇಸಾಯಗಳನ್ನು ವಿವರಿಸಿದೆ. 1921ರಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಕರಾವಳಿ ಪಟ್ಟಿಯ ಅರಣ್ಯ ಸವಲತ್ತುಗಳನ್ನು ಕುರಿತೇ ವರದಿ ಕೊಟ್ಟಿದ್ದಾರೆ. ಇಂಥ ಆಧಾರ ಹುಡುಕಿ ತರುವ ಹೊಣೆಯನ್ನು ಕೂಲಿ ಬಿಟ್ಟು ಬಂದ ಅರ್ಜಿದಾರನ ಹೆಗಲಿಗೆ ಹಾಕಿ, ಅವನು ತರಲಿಲ್ಲವೆಂದು ಅರ್ಜಿ ವಜಾ ಮಾಡುವುದು ನ್ಯಾಯವಲ್ಲ. ದಾಖಲೆ ಬರೆದದ್ದು ಸರ್ಕಾರ, ಇಟ್ಟುಕೊಂಡದ್ದು ಸರ್ಕಾರ. ಹುಡುಕಿ ಕೊಡಬೇಕಾದದ್ದೂ ಸರ್ಕಾರವೇ.

1930 ಎಂಬ ಇಸವಿಗೆ ಈ ನೆಲದಲ್ಲಿ ಇನ್ನೊಂದು ಅರ್ಥವಿದೆ. ಆ ವರ್ಷದ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯ್ದೆ ಮುರಿಯಲಾಯಿತು. ಬಳಿಕ ಕರನಿರಾಕರಣೆ ಚಳವಳಿ. ಅಂಕೋಲೆ, ಸಿದ್ದಾಪುರಗಳ ರೈತರು ಭೂಕಂದಾಯ ಕೊಡಲಿಲ್ಲ. ಸರ್ಕಾರ ದನಕರು, ಪಾತ್ರೆಪಗಡಿ ಜಪ್ತಿ ಮಾಡಿತು, ಗದ್ದೆಗಳನ್ನು ಮುಟ್ಟುಗೋಲು ಹಾಕಿತು. ಅಂಕೋಲೆ ಕರ್ನಾಟಕದ ಬಾರ್ಡೋಲಿ ಎನಿಸಿಕೊಂಡದ್ದು ಹೀಗೆ. ಅಂದಿನ ಆಡಳಿತ ಯಾರ ಮನೆಯಿಂದ ಏನನ್ನು ಒಯ್ದೆವು ಎಂಬುದನ್ನು ಪಂಚನಾಮೆ ಮಾಡಿ ಬರೆದಿಟ್ಟಿತು. 1937ರಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ ಸಚಿವ ಸಂಪುಟ ಬಂದಮೇಲೆ ಜಮೀನು ಹಿಂದಿರುಗಿಸುವ ಪ್ರಕ್ರಿಯೆಯೂ ಕಾಗದದ ಮೇಲೆಯೇ ನಡೆಯಿತು. ಮನೆಯ ಹಂಡೆ ಕಳೆದುಕೊಂಡ ಹೆಣ್ಣುಮಗಳ ಹೆಸರು ಯಾವ ಸ್ಮಾರಕದ ಮೇಲೂ ಇರಲಾರದು. ಜಪ್ತಿಪಟ್ಟಿಯಲ್ಲಿ ಆ ಮನೆಯ ಹೆಸರು ಇರುತ್ತದೆ.

ಆ ಹೋರಾಟದ ಬೆನ್ನಿಗೇ ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿದರು. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಐದು ವರ್ಷ ಗಡಿಪಾರು ಮಾಡಿತು. ಪರಕೀಯರ ವಿರುದ್ಧ ಒಂದಾಗಿದ್ದ ಊರುಗಳಲ್ಲೇ ಒಡೆಯ ಮತ್ತು ಒಕ್ಕಲಿನ ನಡುವೆ ಇದ್ದ ಕಂದಕ ಈ ಎರಡು ಚಳವಳಿಗಳ ಕಾಗದಗಳನ್ನು ಜೊತೆಗಿಟ್ಟು ಓದಿದಾಗ ಮಾತ್ರ ತಿಳಿಯುತ್ತದೆ. ಭಾಷಣಗಳಲ್ಲಿ ಹೇಳಿಕೊಳ್ಳುವ ಚರಿತ್ರೆ ಇಷ್ಟು ಪ್ರಾಮಾಣಿಕವಾಗಿರುವುದಿಲ್ಲ. ನಮಗೆ ಅಹಿತವಾದದ್ದನ್ನೂ ಹೇಳುತ್ತದೆ ಎಂಬ ಕಾರಣಕ್ಕೇ ದಾಖಲೆಗೆ ಬೆಲೆ.

ಇನ್ನು ನಮ್ಮ ಕಾಲದ್ದೇ ಒಂದು ಅಧ್ಯಾಯ. 1986ರ ಅಕ್ಟೋಬರ್‌ನಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆ ಯೋಜನೆಗಾಗಿ ಕಾರವಾರ, ಅಂಕೋಲೆ ತಾಲ್ಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲೆ ತೊರೆದವು. ಪರಿಹಾರದ ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಬೇಲಿಯ ಆಚೆ ಹೋದ ಆ ಊರುಗಳಲ್ಲಿ ಮನೆ ಎಲ್ಲಿತ್ತು, ಬಾವಿ ಎಲ್ಲಿತ್ತು, ಎಷ್ಟು ತೆಂಗಿನ ಮರ ಇದ್ದವು ಎಂಬುದಕ್ಕೆ ಈಗ ಉಳಿದ ಆಧಾರ ಸ್ವಾಧೀನದ ಕಡತಗಳು. ನಿರಾಶ್ರಿತರ ಮೊಮ್ಮಕ್ಕಳಿಗೆ ಅಜ್ಜನ ಊರು ಸಿಗಬಹುದಾದ ಜಾಗವೂ ಅದೊಂದೇ.

ದಾಖಲೆಗಳ ನಾಶಕ್ಕೆ ಮಳೆ, ಗೆದ್ದಲುಗಳಷ್ಟೇ ಕಾರಣವಲ್ಲ; ನಿಯಮಬದ್ಧ ವಿಲೇವಾರಿಯೂ ಕಾರಣ. ಕಚೇರಿಗಳಲ್ಲಿ ಕಡತಗಳನ್ನು ಎ, ಬಿ, ಸಿ ಎಂದು ವರ್ಗೀಕರಿಸುತ್ತಾರೆ. ಎ ವರ್ಗ ಶಾಶ್ವತ, ಬಿ ವರ್ಗಕ್ಕೆ 30 ವರ್ಷ, ಉಳಿದವಕ್ಕೆ ಅದಕ್ಕಿಂತ ಕಡಿಮೆ. ಆಡಳಿತಕ್ಕೆ ಇನ್ನು ಉಪಯೋಗವಿದೆಯೇ ಎಂಬುದೊಂದೇ ಇಲ್ಲಿ ಮಾನದಂಡ. ರಸ್ತೆ ಕೆಲಸದ ಮಸ್ಟರ್ ರೋಲ್, ಸಾಂಕ್ರಾಮಿಕ ರೋಗದ ವರದಿ, ಹಳ್ಳಿಯ ತಕರಾರು ಅರ್ಜಿ ಈ ಮಾನದಂಡದಲ್ಲಿ ರದ್ದಿ. ಸಮಾಜದ ಚರಿತ್ರೆಗೆ ಇವುಗಳೇ ಜೀವಾಳ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ 1892ಕ್ಕಿಂತ ಹಿಂದಿನ ದಾಖಲೆಯನ್ನು ಬಳಸಲಾಗದಷ್ಟು ಹಾಳಾದ ಹೊರತು ನಾಶಪಡಿಸಕೂಡದೆಂದು ವಿಧಿಸುತ್ತದೆ. ನಿಯಮ ಮೀರಿ ನಾಶಪಡಿಸಿದರೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಆ ಕಾಯ್ದೆ ಕೇಂದ್ರದ ಕಚೇರಿಗಳಿಗೆ ಅನ್ವಯಿಸುವಂಥದ್ದು. ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನಲ್ಲೂ ಅಷ್ಟೇ ಕಟ್ಟುನಿಟ್ಟು ಜಾರಿಯಲ್ಲಿರಬೇಕು. ಪತ್ರಾಗಾರ ಇಲಾಖೆಯ ತಜ್ಞರು ನೋಡಿ ಒಪ್ಪುವವರೆಗೆ ಒಂದು ಗಂಟೂ ರದ್ದಿಗೆ ಹೋಗಬಾರದು.

ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಲು ಮುಂದಾಗಿರುವುದು ಸ್ವಾಗತಾರ್ಹ. ಪಹಣಿಗಳನ್ನು ಗಣಕಕ್ಕೆ ಏರಿಸಿದ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿತ್ತು. ಆದರೆ ಎರಡು ಮಾತು ಈಗಲೇ ಹೇಳಬೇಕು. ಊರು, ಇಸವಿ, ಹೆಸರು, ಸರ್ವೆ ನಂಬರುಗಳ ಸೂಚಿ ಇಲ್ಲದೆ ಲಕ್ಷಾಂತರ ಚಿತ್ರಗಳನ್ನು ಪೇರಿಸಿದರೆ ಜನರಿಗೆ ದಕ್ಕುವುದೇನೂ ಇಲ್ಲ. ಸ್ಕ್ಯಾನ್ ಆಯಿತೆಂದು ಮೂಲವನ್ನು ಉಪೇಕ್ಷಿಸುವುದಂತೂ ಕ್ಷಮಿಸಲಾಗದ ತಪ್ಪು. ಮಸಿಯ ಬಣ್ಣ, ತಿದ್ದಿದ ಅಂಕಿ, ಅಂಚಿನ ಷರಾ, ಮೊಹರು ಇವೆಲ್ಲ ವಿವಾದ ಬಂದಾಗ ಮೂಲದಲ್ಲೇ ನೋಡಬೇಕಾದವು.

ಓದಬಲ್ಲವರ ಕೊರತೆ ಇನ್ನೊಂದು. ಕಾರವಾರದ ಕಡೆಯ ಹಳೆಯ ಕಾಗದಗಳಲ್ಲಿ ಕನ್ನಡದ ಜೊತೆಗೆ ಮರಾಠಿ ಇದೆ, ಮೋಡಿ ಲಿಪಿ ಇದೆ. ಹಳೆಯ ಮನೆತನ, ಮಠ, ದೇವಸ್ಥಾನಗಳಲ್ಲಿ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಬಳಪದಿಂದ ಬರೆದ ಕಡತಗಳೂ ಇರಬಹುದು. ಮೋಡಿ ಬಲ್ಲವರು ಬೆರಳೆಣಿಕೆಯಷ್ಟು. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಮತ್ತು ಜಿಲ್ಲೆಯ ಪದವಿ ಕಾಲೇಜುಗಳು ಮೋಡಿ ಓದು ಹಾಗೂ ದಾಖಲೆ ಸಂರಕ್ಷಣೆಯ ಅಲ್ಪಾವಧಿ ತರಬೇತಿ ಆರಂಭಿಸಬೇಕು. ಒಂದು ತಲೆಮಾರು ತಡವಾದರೆ ಕಲಿಸುವವರೂ ಇರುವುದಿಲ್ಲ.

ಹಳೆಯ ದಾಖಲೆಗಳನ್ನು ಎಲ್ಲರಿಗೂ ತೆರೆದಿಡುವುದರಲ್ಲಿ ಅಪಾಯವೂ ಇದೆ ಎಂಬ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬದುಕಿರುವವರ ಜಾತಿ, ಜನನ, ಕುಟುಂಬದ ವಿವರ ಬಜಾರಿಗೆ ಬೀಳಬಾರದು. ಭೂಗಳ್ಳರ ಕೈಗೆ ಹಳೆಯ ಪಹಣಿ ಆಯುಧವಾಗಬಾರದು. ಇಂತಿಷ್ಟು ವರ್ಷ ಮುಚ್ಚಿಡುವ, ನೋಡಿದವರ ಹೆಸರು ದಾಖಲಿಸುವ ನಿಯಮ ಜಗತ್ತಿನ ಎಲ್ಲ ಉತ್ತಮ ಪತ್ರಾಗಾರಗಳಲ್ಲೂ ಇದೆ. ಇಲ್ಲಿಯೂ ಇರಲಿ. ದುರುಪಯೋಗದ ಭಯವನ್ನು ಮುಂದಿಟ್ಟು ದಾಖಲೆ ಕೊಳೆಯಲು ಬಿಡುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ.

ಆಗಬೇಕಾದ ಮೊದಲ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಡ. ಪ್ರತಿ ತಾಲ್ಲೂಕು ಕಚೇರಿ, ಗ್ರಾಮ ಪಂಚಾಯತ, ಶಾಲೆಯಲ್ಲಿ ಏನಿದೆ, ಯಾವ ಇಸವಿಯದು, ಯಾವ ಸ್ಥಿತಿಯಲ್ಲಿದೆ ಎಂಬ ಯಾದಿಯನ್ನು ಜಿಲ್ಲಾಧಿಕಾರಿಯವರು ಮಾಡಿಸಿ ಸಾರ್ವಜನಿಕರ ಮುಂದಿಡಬೇಕು. ಯಾದಿ ಇರುವ ವಸ್ತು ಕಾಣೆಯಾದರೆ ಕೇಳುವವರಿರುತ್ತಾರೆ. ಎರಡನೆಯದಾಗಿ, ರಾಜ್ಯ ಸರ್ಕಾರ ಕಾರವಾರದಲ್ಲಿ ಜಿಲ್ಲಾ ಪತ್ರಾಗಾರವನ್ನು ಸ್ಥಾಪಿಸಬೇಕು; ನೆರೆ ಮುಟ್ಟದ ಜಾಗದಲ್ಲಿ, ತೇವ ತಡೆಯುವ ವ್ಯವಸ್ಥೆಯೊಂದಿಗೆ, ತರಬೇತಾದ ಸಿಬ್ಬಂದಿಯೊಂದಿಗೆ. ಮುಂಬೈ, ಚೆನ್ನೈ, ಪಣಜಿಯ ಪತ್ರಾಗಾರಗಳೊಂದಿಗೆ ಒಪ್ಪಂದ ಮಾಡಿಕೊಂಡು ಕೆನರಾ ಸಂಬಂಧಿ ದಾಖಲೆಗಳ ಡಿಜಿಟಲ್ ಪ್ರತಿಗಳನ್ನು ಅಲ್ಲಿಗೆ ತರಿಸಬೇಕು. ಜಿಲ್ಲೆಯ ಶಾಸಕರು ಮತ್ತು ಸಂಸದರು ಇದನ್ನು ಪಕ್ಷಾತೀತವಾಗಿ ಕೇಳಬೇಕಾದ ಹಕ್ಕೊತ್ತಾಯವೆಂದು ಭಾವಿಸಲಿ.

ಓದುಗರಲ್ಲಿಯೂ ನಮ್ಮ ವಿನಂತಿಯಿದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಗೇಣಿ ಚೀಟಿ, ಜಪ್ತಿ ನೋಟಿಸು, ಸ್ವಾಧೀನದ ನೋಟಿಸು, ಅಜ್ಜನ ಜೈಲಿನ ಪತ್ರ ಇದ್ದರೆ ಹಳತೆಂದು ಒಲೆಗೆ ಹಾಕಬೇಡಿ. ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ. ಎರಡೂ ಕಾಗದವನ್ನು ಹಾಳುಮಾಡುತ್ತವೆ. ಫೋಟೊ ತೆಗೆದಿಟ್ಟು, ಮೂಲವನ್ನು ಹತ್ತಿಬಟ್ಟೆಯಲ್ಲಿ ಸುತ್ತಿ ನೆಲದಿಂದ ಮೇಲೆ, ಒಣಗಿದ ಜಾಗದಲ್ಲಿಡಿ. ಮನೆಯ ಹಿರಿಯರು ಇದ್ದಾಗಲೇ ಅದರಲ್ಲಿರುವ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ.

ಜೂನ್ ಮೊದಲ ವಾರದ ಹೊತ್ತಿಗೆ ಮುಂಗಾರು ಈ ಕರಾವಳಿಗೆ ಬರುತ್ತದೆ. ಶಿರವಾಡದ ಪಂಚಾಯತ ಮತ್ತು ಶಾಲೆಗಳಿಂದ ಹಿಡಿದು ಜಿಲ್ಲೆಯ ಪ್ರತಿ ರೆಕಾರ್ಡ್ ರೂಮಿನವರೆಗೆ ನೆಲದ ಮೇಲಿರುವ ಗಂಟುಗಳು ಅಷ್ಟರೊಳಗೆ ಕಪಾಟು ಸೇರಬೇಕು, ಯಾದಿಯ ಕೆಲಸ ಶುರುವಾಗಿರಬೇಕು. ಜಿಲ್ಲಾಡಳಿತ ಇದಕ್ಕೆ ದಿನಾಂಕ ಗೊತ್ತುಮಾಡಿ ಪ್ರಕಟಿಸಲಿ.